ಗುಳಿಗೆಯೊಳಗಿನ ಕೋಳಿ: ಕಲಬುರಗಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. ಮೊಣಕಾಲು ನೋವಿನ ಗುಳಿಗೆ, ಕೊಲ್ಯಾಜನ್ (ಚರ್ಮ, ಎಲುಬು, ಕೀಲುಗಳಲ್ಲಿರುವ ನಾರಿನಂಥ ಪ್ರೋಟೀನ್) ಪುಡಿ, ಜಿಮ್ ಹುಡುಗರ ಪ್ರೋಟೀನ್ ಡಬ್ಬಿ ಇವುಗಳ ಬಗ್ಗೆ ಕೌಂಟರಿನಲ್ಲಿ, ಫೋನಿನಲ್ಲಿ, ಚೀಟಿಯಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲೇ ಒಂದು ಮಾತು. ಡಬ್ಬಿಯ ಮೇಲೆ ‘ಚಿಕನ್’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೋಳಿಯ ಯಾವ ಭಾಗ, ಯಾವ ರೂಪದಲ್ಲಿ, ಎಷ್ಟು ಮಿಲಿಗ್ರಾಂ ಎಂಬುದು ಗೊತ್ತಾದ ಮೇಲೆಯೇ ಅದು ನಿಮಗೆ ಬೇಕೋ ಬೇಡವೋ ಹೇಳಲು ಬರುತ್ತದೆ.

## ಶುರುವಿನ ಪ್ರಶ್ನೆಗಳು

ಮೇಡಂ, ಮೊಣಕಾಲ ಬ್ಯಾನಿಗಿ ಡಾಕ್ಟ್ರು ಬರದ ಗುಳಿಗ್ಯಾಗ ಕೋಳಿ ಅದ ಅಂತಾರಲ್ರಿ, ಖರೇ ಏನು?

ಎಲ್ಲಾ ಗುಳಿಗೆಗಳಲ್ಲಿ ಇಲ್ಲ. ಪ್ಯಾರಾಸಿಟಮಾಲ್, ಅಸಿಕ್ಲೋಫೆನಾಕ್‌ನಂಥ ನೋವಿನ ಔಷಧಗಳು ಕೋಳಿಯಿಂದ ಬಂದವಲ್ಲ. ಆದರೆ ಅದೇ ಚೀಟಿಯಲ್ಲಿ ಕೆಳಗೆ ‘ದಿನಕ್ಕೊಂದು, ಮೂರು ತಿಂಗಳು’ ಎಂದು ಇನ್ನೊಂದು ಗುಳಿಗೆ ಬರೆದಿರುತ್ತಾರಲ್ಲ, ಅದನ್ನು ನೋಡಿ. ಪಟ್ಟಿಯ ಹಿಂದೆ ‘ಅನ್‌ಡಿನೇಚರ್ಡ್ ಟೈಪ್ 2 ಕೊಲ್ಯಾಜನ್’ ಅಥವಾ ‘ನೇಟಿವ್ ಟೈಪ್ 2 ಕೊಲ್ಯಾಜನ್’ ಎಂದಿದ್ದರೆ, ಅಂದರೆ ಮೂಲ ರೂಪ ಕೆಡದ ಕೊಲ್ಯಾಜನ್ ಎಂದಿದ್ದರೆ, ಅದು ಸಾಮಾನ್ಯವಾಗಿ ಕೋಳಿಯ ಎದೆಯ ಮೆದು ಎಲುಬಿನಿಂದ ತೆಗೆದದ್ದು. ಬರೀ ‘ಕೊಲ್ಯಾಜನ್ ಪೆಪ್ಟೈಡ್’ ಎಂದಿದ್ದರೆ ದನ, ಹಂದಿ, ಮೀನು, ಕೋಳಿ ಯಾವುದೂ ಆಗಿರಬಹುದು.

ಕೋಳಿದು ಯಾವ ಯಾವ ಭಾಗ ಹಾಕ್ತಾರ್ರಿ? ಮಾಂಸ ಅರದು ಗುಳಿಗಿ ಮಾಡ್ತಾರೇನು?

ಮಾಂಸ ಅರೆದು ಗುಳಿಗೆ ಕಟ್ಟುವುದಿಲ್ಲ. ಕೋಳಿಯ ಒಂದೊಂದು ಭಾಗದಿಂದ ಒಂದೊಂದು ಸರಕು ಬರುತ್ತದೆ, ಕೆಲಸವೂ ಬೇರೆ ಬೇರೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಎದೆಯ ಎಲುಬಿನ ತುದಿಯ ಮೆದು ಎಲುಬು. ಕೋಳಿ ಸಾರು ಉಣ್ಣುವಾಗ ಹಲ್ಲಿಗೆ ಕಟಕ್ಕನೆ ಸಿಗುವ, ಬೆಳ್ಳಗೆ ಅರೆಪಾರದರ್ಶಕವಾಗಿರುವ ಚೂರು ಅದೇ. ನಮ್ಮ ಕೀಲುಗಳ ತುದಿಗೆ ಹೊದಿಸಿದ ಕಾರ್ಟಿಲೇಜಿನಲ್ಲಿರುವುದೂ ಮುಖ್ಯವಾಗಿ ಅದೇ ಟೈಪ್ 2 ಕೊಲ್ಯಾಜನ್. ಇದೇ ಮೆದು ಎಲುಬಿನಿಂದ ಕೀಲಿನ ಗುಳಿಗೆಗಳಿಗೆ ಹಾಕುವ ಕಾಂಡ್ರಾಯ್ಟಿನ್ ಸಲ್ಫೇಟನ್ನೂ ತೆಗೆಯುತ್ತಾರೆ, ಆದರೆ ಅದು ದನ, ಹಂದಿ, ಶಾರ್ಕ್ ಮೀನಿನಿಂದಲೂ ಬರುತ್ತದೆ.

ಹುಂಜದ ಜುಟ್ಟಿನಲ್ಲಿ, ಕೀಲಿಗೆ ಜಾರಿಕೆ ಕೊಡುವ ಹೈಯಲುರಾನಿಕ್ ಆಸಿಡ್ ಹೇರಳ. ಗುಳಿಗೆಗೂ, ಮೊಣಕಾಲಿಗೆ ಚುಚ್ಚುವ ಕೆಲವು ಜೆಲ್ ಇಂಜೆಕ್ಷನ್‌ಗಳಿಗೂ ಅಲ್ಲಿಂದ ತೆಗೆಯುವುದುಂಟು. ಈಚೆಗೆ ಬ್ಯಾಕ್ಟೀರಿಯಾ ಹುದುಗಿಸಿ ಮಾಡಿದ್ದೇ ಹೆಚ್ಚು.

ತತ್ತಿಯಿಂದ ಎರಡು ಸರಕು. ಸಿಪ್ಪೆಯಲ್ಲಿ ಶೇ. 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದರಿಂದ ಅದು ಕ್ಯಾಲ್ಸಿಯಂ ಗುಳಿಗೆಗೆ ಹೋಗುತ್ತದೆ. ಬೇಯಿಸಿದ ತತ್ತಿ ಸುಲಿಯುವಾಗ ಬೆರಳಿಗೆ ಅಂಟಿಕೊಳ್ಳುವ ಆ ತೆಳು ಪೊರೆಯನ್ನು ಒಣಗಿಸಿ ‘ಎಗ್‌ಶೆಲ್ ಮೆಂಬ್ರೇನ್’ ಎಂದು ಕೀಲು ನೋವಿಗೆ ಮಾರುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 500 ಮಿ.ಗ್ರಾಂ.

ಇನ್ನು ಎಲುಬು ಕುದಿಸಿದ ರಸದ ಪುಡಿ, ಮಾಂಸದ ಪ್ರೋಟೀನ್ ಪುಡಿ, ಕಲೇಜಿ ಒಣಗಿಸಿದ ಪುಡಿ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಂತೂ ಪೋಟಾದ (ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಭಾಗ) ಒಳಪದರವನ್ನು ಒಣಗಿಸಿ ಜೀರ್ಣಕ್ಕೆ ಕೊಡುವ ರೂಢಿ ಬಹಳ ಹಳೆಯದು.

ಕೋಳೀನೇ ಯಾಕ ಬೇಕು ಅವರಿಗಿ?

ಮಾಂಸದ ಉದ್ಯಮದಲ್ಲಿ ಎದೆಯ ಮೆದು ಎಲುಬು ಉಳಿಕೆಯ ಮಾಲು. ಹೇರಳವಾಗಿ, ಅಗ್ಗವಾಗಿ ಸಿಗುತ್ತದೆ, ಅದರಲ್ಲಿ ಟೈಪ್ 2 ಕೊಲ್ಯಾಜನ್ ಚೆನ್ನಾಗಿದೆ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಹುಚ್ಚು ಹಸು ರೋಗ ಪತ್ತೆಯಾಗಿ, ಮುಂದೆ ಅದರ ಭಯ ಜಗತ್ತಿಗೆಲ್ಲ ಹಬ್ಬಿದಾಗ ದನದ ಮೂಲದ ಸರಕಿನಿಂದ ದೂರ ಸರಿದ ಕಂಪನಿಗಳೂ ಇದ್ದವು. ದನವನ್ನೂ ಹಂದಿಯನ್ನೂ ಒಲ್ಲದ ಜನರಿರುವ ದೇಶಗಳಲ್ಲಿ ಕೋಳಿಯದ್ದನ್ನು ಮಾರುವುದು ಸುಲಭವೂ ಹೌದು.

ಡಾಕ್ಟ್ರೇ ಬರದ್ರ ಅದು ಔಷಧಾನೇ ಅಲ್ಲೇನ್ರಿ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಕೋಳಿಯ ಕೊಲ್ಯಾಜನ್ ಇರುವ ಗುಳಿಗೆಗಳು ಸಾಮಾನ್ಯವಾಗಿ ಆಹಾರದ ಕಾನೂನಿನ ಅಡಿಯಲ್ಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ ಮೇಲೆ ಮಾರಾಟವಾಗುವ ಪೂರಕ ಆಹಾರಗಳು, ಅಂದರೆ ನ್ಯೂಟ್ರಾಸ್ಯುಟಿಕಲ್‌ಗಳು. ಇವಕ್ಕೆಂದೇ ನಿಯಮ ಬಂದದ್ದು 2016ರಲ್ಲಿ. ‘ನಾಟ್ ಫಾರ್ ಮೆಡಿಸಿನಲ್ ಯೂಸ್’ (ಔಷಧವಾಗಿ ಬಳಸಲು ಅಲ್ಲ) ಎಂದು ಪಟ್ಟಿಯ ಮೇಲೆ ಛಾಪಿಸಲೇಬೇಕು. ಔಷಧದಂಥದೇ ಪಟ್ಟಿ, ಔಷಧದಂಥದೇ ಡಬ್ಬಿ, ಡಾಕ್ಟರ ಕೈಬರಹ, ಮೆಡಿಕಲ್ ಅಂಗಡಿಯ ಕಪಾಟು. ಇಷ್ಟೆಲ್ಲ ಸೇರಿದಾಗ ಜನ ಔಷಧವೆಂದೇ ತಿಳಿಯುವುದು ಸಹಜ. ಬರೆದ ಡಾಕ್ಟರದು ತಪ್ಪು ಎನ್ನುತ್ತಿಲ್ಲ, ಪೂರಕವಾಗಿ ಬರೆದಿರುತ್ತಾರೆ. ಆದರೆ ತಿಂಗಳ ಖರ್ಚು ತೂಗುವುದು ಕಷ್ಟವಾದಾಗ ಬಿಪಿ ಗುಳಿಗೆ ಬಿಟ್ಟು ಇದನ್ನು ಒಯ್ಯುವವರನ್ನು ಕಂಡಿದ್ದೇನೆ. ಹಾಗೆ ಎಂದೂ ಮಾಡಬೇಡಿ. ಯಾವುದನ್ನು ಬಿಡಬಹುದು ಎಂದು ಡಾಕ್ಟರನ್ನೇ ಬಾಯಿಬಿಟ್ಟು ಕೇಳಿ.

## ನಂಬಿಕೆ, ನೇಮ, ಡಬ್ಬಿಯ ಗುರುತು

ನಾವು ಮಾಂಸ ಮುಟ್ಟಂಗಿಲ್ಲ. ಡಬ್ಬಿ ನೋಡಿ ಹ್ಯಾಂಗ್ ಗೊತ್ತು ಹಚ್ಚಬೇಕು?

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊದಲು ಕಂದು ಬಣ್ಣದ್ದೂ ದುಂಡು ಚುಕ್ಕೆಯೇ ಇತ್ತು. ಬಣ್ಣ ಗುರುತಿಸಲಾಗದವರಿಗೆ ತೊಂದರೆಯಾಗುತ್ತದೆಂದು 2020ರ ನಿಯಮದಲ್ಲಿ ಅದನ್ನು ತ್ರಿಕೋನ ಮಾಡಿದರು. ತತ್ತಿ ಸಿಪ್ಪೆಯ ಸರಕಿಗೂ ಕಂದು ಗುರುತೇ ಬರಬೇಕು.

ತೊಡಕಿರುವುದು ಗುಳಿಗೆಯ ಪಟ್ಟಿಯಲ್ಲಿ. ಹತ್ತು ಗುಳಿಗೆಯ ಪಟ್ಟಿಯ ಹಿಂದೆ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಆ ತ್ರಿಕೋನ ಜೋಳದ ಕಾಳಿಗಿಂತ ಸಣ್ಣದಾಗಿ ಕೂತಿರುತ್ತದೆ. ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರೆ ಆ ಗುರುತು ಉಳಿದ ಅರ್ಧದಲ್ಲೇ ಉಳಿಯುತ್ತದೆ. ಇಡೀ ಪಟ್ಟಿ ತೋರಿಸಿ ಎಂದು ಕೇಳಿ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಕೇಳಲು ನಾಚಿಕೆ ಬೇಡ.

ನಮ್ಮವ್ವ ದಿನಾ ಲಿಂಗಪೂಜಿ ಮಾಡಾಕಿ. ಆರು ತಿಂಗಳ್ ತಿಂದಾಳ, ಈಗ ಗೊತ್ತಾಗ್ಯದ. ಏನ್ ಮಾಡೂದು?

ಇಂಥ ಮನೆಯವರು ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಇದು ತಪ್ಪಿಸಬಹುದಾಗಿದ್ದ ನೋವು. ಅವ್ವನ ದೇಹಕ್ಕೆ ಇದರಿಂದ ಹಾನಿ ಆಗಿಲ್ಲ, ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೂ ತೊಂದರೆ ಇಲ್ಲ. ಅವರು ತಿಳಿದು ಮಾಡಿದ್ದಲ್ಲ. ಮನಸ್ಸಿನ ಸಮಾಧಾನದ ಮಾತು ಅವರ ಗುರುಗಳು, ಮನೆಯ ಹಿರಿಯರು ಹೇಳಬೇಕಾದದ್ದು, ನನ್ನದಲ್ಲ. ಮುಂದಿನ ಸಲ ಡಾಕ್ಟರ ಮುಂದೆ ಕೂತ ಕೂಡಲೇ ‘ನಾವು ಶಾಕಾಹಾರಿಗಳು, ಗುಳಿಗೆಯಲ್ಲೂ ಬೇಡ’ ಎಂದು ಹೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ತಿನ್ನುವ ಪದಾರ್ಥದಲ್ಲಿ ಏನಿದೆ ಎಂದು ತಿಳಿಯುವುದು ನಿಮ್ಮ ಹಕ್ಕು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಆಹಾರದಲ್ಲಿ ಬಳಸಿದ ಪ್ರತಿ ಪದಾರ್ಥ ಸಸ್ಯದ್ದೋ ಪ್ರಾಣಿಯದ್ದೋ ಎಂದು ಪೂರ್ತಿ ತಿಳಿಸಬೇಕೆಂದು ಹೇಳಿದೆ, ಅದರ ಪ್ರಮಾಣ ಎಷ್ಟೇ ಕಡಿಮೆಯಿದ್ದರೂ.

ಕೋಳಿದು ಅಂದ್ರ ಹಲಾಲೇ ಇರ್ತದೇನು ಆಪಾ?

ಹಾಗೆಂದು ಹೇಳಲಾಗದು. ಹಂದಿಯದ್ದಲ್ಲ ಎಂಬುದು ಒಂದು ಮಾತು, ಕೊಯ್ದ ರೀತಿ ಇನ್ನೊಂದು ಮಾತು. ಗುಳಿಗೆ ನಮ್ಮಲ್ಲೇ ತಯಾರಾದರೂ ಒಳಗಿನ ಕಚ್ಚಾ ಸರಕು ಹೊರದೇಶದಿಂದ ಬಂದಿರಬಹುದು. ಡಬ್ಬಿಯ ಮೇಲೆ ಹಲಾಲ್ ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ಡಬ್ಬಿಯಲ್ಲಿರುವ ಗ್ರಾಹಕ ವಿಳಾಸಕ್ಕೆ ಬರೆದು ಕೊಲ್ಯಾಜನ್ ಮೂಲದ ಜೊತೆಗೆ ಕ್ಯಾಪ್ಸೂಲಿನ ಕವಚ ಯಾವುದರದ್ದು ಎಂದೂ ಕೇಳಿ. ಒಳಗಿನದು ಕೋಳಿಯಾಗಿ, ಕವಚ ಬೇರೆ ಪ್ರಾಣಿಯದ್ದಾಗಿರುವುದು ಸಾಧ್ಯ. ಇಂಥ ವಿಷಯದಲ್ಲಿ ಲಿಖಿತ ಉತ್ತರವೇ ಬೇಕು.

ಕ್ಯಾಪ್ಸೂಲಿನ ಮ್ಯಾಗಿನ ಸಿಪ್ಪಿನೂ ಕೋಳಿದೇನು?

ಅಪರೂಪ. ಅದು ಜೆಲಟಿನ್, ಸಾಮಾನ್ಯವಾಗಿ ದನ-ಎಮ್ಮೆ ಅಥವಾ ಹಂದಿಯ ಎಲುಬು, ಚರ್ಮದಿಂದ, ಕೆಲವೊಮ್ಮೆ ಮೀನಿನಿಂದ ಮಾಡಿದ್ದು. ‘ಎಚ್‌ಪಿಎಂಸಿ’ ಅಥವಾ ‘ಹೈಪ್ರೊಮೆಲೋಸ್’ ಎಂದಿದ್ದರೆ ಸಸ್ಯದ ನಾರಿನದು. ಒಂದು ವಿಷಯ ಗಮನದಲ್ಲಿಡಿ: ಹಸಿರು-ಕಂದು ಗುರುತು ಕಡ್ಡಾಯ ಇರುವುದು ಆಹಾರಕ್ಕೆ. ಆಂಟಿಬಯಾಟಿಕ್‌ನಂಥ ಔಷಧದ ಕ್ಯಾಪ್ಸೂಲಿಗೆ ಆ ಗುರುತು ಇಲ್ಲದಿದ್ದರೆ ಅದನ್ನು ಸಸ್ಯಾಹಾರವೆಂದು ಅರ್ಥ ಮಾಡಿಕೊಳ್ಳಬಾರದು.

ಶಾಕಾಹಾರಿಗಳಿಗಿ ಇದ್ರ ಬದ್ಲಿ ಏನದ?

ಯಾವ ಗಿಡದಲ್ಲೂ ಕೊಲ್ಯಾಜನ್ ಇಲ್ಲ. ‘ವೆಜ್ ಕೊಲ್ಯಾಜನ್’ ಎಂದು ಮಾರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ ಸಿ, ಅಮೈನೊ ಆಮ್ಲ, ಕೆಲವು ಸಸ್ಯಸಾರ. ಕೀಲು ನೋವಿಗೆ ಕೊಡುವ ಇನ್ನೊಂದು ಪೂರಕವಾದ ಗ್ಲುಕೋಸಮೈನ್ ಸಿಗಡಿ-ಏಡಿಯ ಚಿಪ್ಪಿನದು, ಆದರೆ ಜೋಳ ಅಥವಾ ಶಿಲೀಂಧ್ರದಿಂದ ಮಾಡಿದ್ದೂ ಸಿಗುತ್ತದೆ. ಶಲ್ಲಕಿ (ಒಂದು ಮರದ ಅಂಟು), ಅರಿಶಿನದ ಕರ್ಕುಮಿನ್ ಮೇಲೆ ಸಣ್ಣ ಅಧ್ಯಯನಗಳು ನಡೆದು ಸ್ವಲ್ಪ ಗುಣ ತೋರಿಸಿವೆ. ರಕ್ತ ತೆಳುವಾಗುವ ಗುಳಿಗೆ ತಿನ್ನುವವರು, ಲಿವರ್ ತೊಂದರೆ ಇರುವವರು ಕರ್ಕುಮಿನ್ ಕ್ಯಾಪ್ಸೂಲ್ ಶುರುಮಾಡುವ ಮುಂಚೆ ಕೇಳಬೇಕು. ಅಡುಗೆಯ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

## ಅಡುಗೆಮನೆ ಮತ್ತು ಡಬ್ಬಿ

ಮುತ್ಯಾಗ ಗುಳಿಗಿ ಬದ್ಲಿ ಕೋಳಿ ಎಲುವಿನ ಸೂಪ್ ಕುಡಿಸಿದ್ರ ನಡೀತದಲ್ರಿ?

ಊಟವಾಗಿ ಬಹಳ ಒಳ್ಳೆಯದು, ಆ ಗುಳಿಗೆಗೆ ಬದಲಿ ಅಲ್ಲ. ಕೊಲ್ಯಾಜನ್ ಎಂದರೆ ಮೂರು ಎಳೆ ಸೇರಿ ಬಿಗಿಯಾಗಿ ಹೊಸೆದ ಹಗ್ಗ. ಕುಕ್ಕರಿನಲ್ಲಿ ಕುದಿಸಿದಾಗ ಆ ಹೊಸೆತ ಬಿಚ್ಚಿ ಜೆಲಟಿನ್ ಆಗುತ್ತದೆ. ಸೂಪನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ನಡುಗುವುದು ಅದರಿಂದಲೇ. ‘ಅನ್‌ಡಿನೇಚರ್ಡ್’ ಗುಳಿಗೆಯ ಉದ್ದೇಶವೇ ಹೊಸೆತ ಬಿಚ್ಚದಂತೆ, ಹೆಚ್ಚು ಬಿಸಿ ತಾಗಿಸದೆ ಉಳಿಸುವುದು. ಹಾಗೆಂದು ಮೆದು ಎಲುಬನ್ನು ಹಸಿಯಾಗಿ ಅರೆದು ಕೊಡುವ ಸಾಹಸ ಯಾರೂ ಮಾಡಬೇಡಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಇರುತ್ತವೆ, ಮುದುಕರಿಗೆ ಅವು ಜೀವಕ್ಕೇ ಸಂಚಕಾರ.

ಎಲುಬಿನ ಸೂಪಿನಿಂದ ಕ್ಯಾಲ್ಸಿಯಂ ಬಹಳ ಬರುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಕ್ಯಾಲ್ಸಿಯಂ ಎಲುಬಿನಲ್ಲೇ ಉಳಿಯುತ್ತದೆ, ನೀರಿಗೆ ಇಳಿಯುವುದು ಸ್ವಲ್ಪ. ಒಂದು ಬಟ್ಟಲು ಮೊಸರು ಅದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ಹಲ್ಲಿಲ್ಲದ, ಊಟ ಬೇಡವೆನ್ನುವ ಮುತ್ಯಾನಿಗೆ ಮಾಂಸವನ್ನು ನುಣ್ಣಗೆ ಅರೆದು ಸೂಪಿನಲ್ಲೇ ಕಲಸಿ ಕೊಟ್ಟರೆ ಒಳ್ಳೆಯ ಪ್ರೋಟೀನ್ ಹೋಗುತ್ತದೆ. ಬರೀ ನೀರು ಬಸಿದು ಕೊಟ್ಟು ಮಾಂಸವನ್ನು ಉಳಿದವರು ತಿನ್ನಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ, ಯೂರಿಕ್ ಆಸಿಡ್ ಹೆಚ್ಚಿದ್ದವರಿಗೆ ಡಾಕ್ಟರನ್ನು ಕೇಳಿ.

ಜವಾರಿ ಕೋಳಿದು ಇದ್ರ ಛಲೋ ಅಲ್ಲೇನು? ಫಾರ್ಮ್ ಕೋಳಿಗಿ ಹಾರ್ಮೋನ್ ಇಂಜೆಕ್ಷನ್ ಹಾಕ್ತಾರಂತ.

ರುಚಿಗೆ ಜವಾರಿ ಕೋಳಿ ಮೇಲು, ಅದರಲ್ಲಿ ನನ್ನದೂ ಎರಡು ಮಾತಿಲ್ಲ. ಗುಳಿಗೆಗೆ ಮಾತ್ರ ಒಂದೇ ವಯಸ್ಸಿನ, ಒಂದೇ ತೆರನಾದ ಮೆದು ಎಲುಬು ಟನ್‌ಗಟ್ಟಲೆ ಬೇಕು, ಅದು ಫಾರ್ಮ್ ಕೋಳಿಯಿಂದಲೇ ಸಾಧ್ಯ.

ಹಾರ್ಮೋನ್ ಮಾತು ನಿಜವಲ್ಲ. ಬ್ರಾಯ್ಲರ್ ಆರೇ ವಾರದಲ್ಲಿ ಎರಡು ಕಿಲೋ ತೂಗುವುದು ದಶಕಗಳ ತಳಿ ಆಯ್ಕೆ ಮತ್ತು ಲೆಕ್ಕ ಹಾಕಿ ಕೊಡುವ ಮೇವಿನಿಂದ. ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚುವುದು ಯಾವ ಫಾರ್ಮಿಗೂ ಕಟ್ಟುವ ವ್ಯವಹಾರವಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಕಾಳಜಿ ಮಾಡಬೇಕಾದದ್ದು ಆಂಟಿಬಯಾಟಿಕ್ ಬಗ್ಗೆ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕಾಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ಕೊಡುತ್ತಿದ್ದುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಬಸುರಿ ಮಗಳಿಗಿ ರಕ್ತ ಕಮ್ಮಿ ಅದ. ಕಲೇಜಿ ಪುಡಿ ಕೊಡ್ಲೇನು?

ಪುಡಿ, ಕ್ಯಾಪ್ಸೂಲ್ ರೂಪದಲ್ಲಿ ಬೇಡ. ಕೋಳಿ ಕಲೇಜಿಯಲ್ಲಿ ಕಬ್ಬಿಣ ಇದೆ, 100 ಗ್ರಾಂಗೆ ಸುಮಾರು 10 ಮಿ.ಗ್ರಾಂ. ಬಿ12, ಫೋಲೇಟ್ ಕೂಡ ಹೇರಳ. ಆದರೆ ಅಷ್ಟರಲ್ಲೇ ಸುಮಾರು 4,000 ಮೈಕ್ರೊಗ್ರಾಂ ವಿಟಮಿನ್ ಎ ಇರುತ್ತದೆ. ದಿನಕ್ಕೆ 3,000 ಮೈಕ್ರೊಗ್ರಾಂ ದಾಟಬಾರದು ಎಂಬುದು ದೊಡ್ಡವರಿಗಿರುವ ಮಿತಿ. ಬಸುರಿನ ಮೊದಲ ತಿಂಗಳುಗಳಲ್ಲಿ ಅದು ಮಿತಿ ಮೀರಿದರೆ ಕೂಸಿನ ಅಂಗಾಂಗಕ್ಕೆ ತೊಂದರೆ ಆಗಬಹುದು. ಗಜ್ಜರಿಯಿಂದ, ಸೊಪ್ಪಿನಿಂದ ಬರುವ ವಿಟಮಿನ್ ಎಗೆ ಈ ಭಯವಿಲ್ಲ.

ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುತ್ತದೆ, ಬಸುರಿನಲ್ಲಿ 180 ದಿನ, ಹೆರಿಗೆಯ ನಂತರವೂ 180 ದಿನ ಪುಕ್ಕಟೆಯಾಗಿ. ಅದನ್ನು ಕಸದ ಬುಟ್ಟಿಗೆ ಹಾಕಿ ದುಬಾರಿ ಪುಡಿ ತರುವುದು ನೋಡಿದರೆ ಕರುಳು ಚುರ್ ಎನ್ನುತ್ತದೆ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ತಗೊಳ್ಳಲಿ. ಚಹಾ ಜೊತೆ ಮಾತ್ರ ಬೇಡ, ನಿಂಬೆ ಪಾನಕದ ಜೊತೆ ಒಳ್ಳೆಯದು.

ಅಕ್ಕಾ, ಜಿಮ್‌ದಾಗ ಚಿಕನ್ ಪ್ರೋಟೀನ್ ಪೌಡರ್ ತಗೋ ಅಂತಾರ. ವ್ಹೇ ಬಿಟ್ಟು ಅದು ತಗೊಳ್ಲಾ?

ವ್ಹೇ ಅಂದರೆ ಹಾಲಿನ ಪ್ರೋಟೀನ್. ಹಾಲು ಒಗ್ಗದವರಿಗೆ ಚಿಕನ್ ಪುಡಿ ಒಂದು ದಾರಿ, ಅಷ್ಟೇ. ಕೊಳ್ಳುವ ಮುಂಚೆ ಹಿಂಬದಿಯ ಅಮೈನೊ ಆಮ್ಲಗಳ ಪಟ್ಟಿ ನೋಡು ತಮ್ಮಾ. ಗ್ಲೈಸಿನ್, ಪ್ರೋಲಿನ್ ಬಹಳವಾಗಿ, ಟ್ರಿಪ್ಟೊಫಾನ್ ಇಲ್ಲದಿದ್ದರೆ ಅದು ಮಾಂಸದ ಪ್ರೋಟೀನ್ ಅಲ್ಲ, ಎಲುಬು-ಚರ್ಮ ಕುದಿಸಿದ ಕೊಲ್ಯಾಜನ್. ಕೊಲ್ಯಾಜನ್‌ನಲ್ಲಿ ಟ್ರಿಪ್ಟೊಫಾನ್ ಇರುವುದೇ ಇಲ್ಲ. ಆದ್ದರಿಂದ ‘20 ಗ್ರಾಂ ಪ್ರೋಟೀನ್’ ಎಂದಿದ್ದರೂ ಸ್ನಾಯು ಕಟ್ಟಲು ಅದು ಅಪೂರ್ಣ.

ಅದಕ್ಕಿಂತ ಮುಂಚೆ ಲೆಕ್ಕ ಹಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, ಅಂದರೆ 60 ಕಿಲೋದವನಿಗೆ 50 ಗ್ರಾಂ. ಭಾರ ಎತ್ತುವವನಿಗೆ ಇನ್ನಷ್ಟು ಬೇಕು, ಒಪ್ಪುತ್ತೇನೆ. 100 ಗ್ರಾಂ ಕೋಳಿ ಎದೆಮಾಂಸದಲ್ಲಿ 22 ಗ್ರಾಂ, 100 ಗ್ರಾಂ ತೊಗರಿ ಬೇಳೆಯಲ್ಲೂ ಹತ್ತಿರ ಹತ್ತಿರ ಅಷ್ಟೇ, ಒಂದು ತತ್ತಿಯಲ್ಲಿ 6 ಗ್ರಾಂ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿ ನಮ್ಮ ಜಿಲ್ಲೆಯದು. ಜೋಳದ ರೊಟ್ಟಿ, ಗಟ್ಟಿ ಬೇಳೆ, ಶೇಂಗಾ ಹಿಂಡಿ, ಮೊಸರು ಹೊಟ್ಟೆತುಂಬ ಉಂಡು, ಮೇಲೆ ಎರಡು ತತ್ತಿ ತಿಂದವನಿಗೆ ಡಬ್ಬಿ ಬೇಕೆಂದು ನಾನು ಹೇಳಲಾರೆ. ಲೇಬಲ್ಲೇ ಇಲ್ಲದ, ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುವ ಪುಡಿಯನ್ನಂತೂ ಮುಟ್ಟಬೇಡ.

ಕ್ರಿಯೇಟಿನ್ ಕೋಳಿಯಿಂದ ತಗೀತಾರೇನು?

ಇಲ್ಲ. ಮಾಂಸದಲ್ಲಿ ಕ್ರಿಯೇಟಿನ್ ಸ್ವಾಭಾವಿಕವಾಗಿ ಇದೆ, ಆದರೆ ಡಬ್ಬಿಯಲ್ಲಿ ಬರುವುದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು. ಶಾಕಾಹಾರಿಗಳೂ ತಗೊಳ್ಳಬಹುದು.

ದುಬೈದಿಂದ ನಮ್ಮ ಕಾಕಾ ‘ಎಸೆನ್ಸ್ ಆಫ್ ಚಿಕನ್’ ಬಾಟಲಿ ತಂದಾರ. ಪರೀಕ್ಷಾಕ್ಕ ಓದೋ ಹುಡುಗ್ರಿಗಿ ಛಲೋ ಅಂತ?

ಇದು ಕೋಳಿಯನ್ನು ಬಹಳ ಹೊತ್ತು ಬೇಯಿಸಿ ಕೊಬ್ಬು ತೆಗೆದ ತಿಳಿ ರಸ. ಹುಟ್ಟಿದ್ದು 19ನೇ ಶತಮಾನದ ಬ್ರಿಟನ್ನಿನಲ್ಲಿ, ಬೆಳೆದದ್ದು ಸಿಂಗಾಪುರ, ಥಾಯ್ಲೆಂಡ್, ತೈವಾನ್ ಕಡೆ. ಅಲ್ಲಿ ಪರೀಕ್ಷೆ, ಬಾಣಂತನ, ಕಾಯಿಲೆಯಿಂದ ಚೇತರಿಕೆ ಎಲ್ಲಕ್ಕೂ ಕೊಡುತ್ತಾರೆ. ಕೋಳಿಯ ಸ್ನಾಯುವಿನಲ್ಲಿರುವ ಕಾರ್ನೊಸಿನ್, ಆನ್ಸರಿನ್ ಎಂಬ ಅಂಶಗಳಿಂದ ಆಯಾಸ ಕಡಿಮೆಯಾಗುತ್ತದೆ, ಗಮನ ಹೆಚ್ಚುತ್ತದೆ ಎಂಬುದು ಅವರ ವಾದ. ನಡೆದಿರುವ ಅಧ್ಯಯನಗಳು ಸಣ್ಣವು. ಕುಡಿದರೆ ಕೇಡಿಲ್ಲ, ಆದರೆ ಪರೀಕ್ಷೆಯ ಹುಡುಗನಿಗೆ ರಾತ್ರಿ ಏಳು ತಾಸು ನಿದ್ದೆ, ಬೆಳಿಗ್ಗೆ ಹೊಟ್ಟೆತುಂಬ ನಾಷ್ಟಾ ಸಿಗಲಿ ಮೊದಲು.

## ಮೊಣಕಾಲು: ಸ್ವಲ್ಪ ಆಳದ ಪ್ರಶ್ನೆಗಳು

ಒಂದ್ರಾಗ 40 ಮಿ.ಗ್ರಾಂ, ಇನ್ನೊಂದ್ರಾಗ 10 ಗ್ರಾಂ ಅಂತದ. ಯಾವುದು ಸ್ಟ್ರಾಂಗ್?

ತೂಕ ನೋಡಿ ಇವೆರಡನ್ನು ಹೋಲಿಸಬಾರದು, ಎರಡರ ಕೆಲಸದ ರೀತಿಯೇ ಬೇರೆ. 10 ಗ್ರಾಂ ಎಂದಿರುವುದು ಹೈಡ್ರೊಲೈಸ್ಡ್ ಕೊಲ್ಯಾಜನ್, ಅಂದರೆ ಚೂರು ಚೂರು ಮಾಡಿದ್ದು. ಅದು ಜೀರ್ಣವಾಗಿ ರಕ್ತ ಸೇರುವ ಆಹಾರ. ಆದ್ದರಿಂದ ಗ್ರಾಂ ಲೆಕ್ಕದಲ್ಲೇ ಬೇಕು.

40 ಮಿ.ಗ್ರಾಂ ಇರುವುದು ಹೊಸೆತ ಕೆಡದ ಟೈಪ್ 2. ಇಷ್ಟು ಸ್ವಲ್ಪದರಿಂದ ಕಾರ್ಟಿಲೇಜ್ ಕಟ್ಟಲು ಆಗದು, ಹಾಗೆಂದು ತಯಾರಕರೂ ಹೇಳುವುದಿಲ್ಲ. ಅವರು ಮುಂದಿಡುವ ವಿವರಣೆ ಹೀಗಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಪೇಯರ್ಸ್ ಪ್ಯಾಚ್ ಎಂಬ ರೋಗನಿರೋಧಕ ಠಾಣೆಗಳಿವೆ. ದಿನವೂ ಸ್ವಲ್ಪ ಸ್ವಲ್ಪ ಟೈಪ್ 2 ಕೊಲ್ಯಾಜನ್ ಅಲ್ಲಿ ಹಾದುಹೋದರೆ ದೇಹ ಅದನ್ನು ವೈರಿಯಲ್ಲ ಎಂದು ಗುರುತಿಸಲು ಕಲಿಯುತ್ತದೆ, ಆಮೇಲೆ ಕೀಲಿನೊಳಗಿನ ಉರಿಯೂತವೂ ತಗ್ಗುತ್ತದೆ. ಆ 40 ಮಿ.ಗ್ರಾಂ ಕೂಡ ಇಡೀ ಮೆದು ಎಲುಬಿನ ಪುಡಿಯ ತೂಕ, ಕೆಡದ ಕೊಲ್ಯಾಜನ್ ಅದರೊಳಗೆ ಇನ್ನೂ ಕಡಿಮೆ. ಹೀಗಾಗಿ ಬೇಗ ಗುಣವಾಗಲೆಂದು ಎರಡೆರಡು ನುಂಗುವುದರಲ್ಲಿ ಅರ್ಥವಿಲ್ಲ.

ಖರೇವಂದ್ರ ಗುಣ ಆಗ್ತದೇನು? ರೊಕ್ಕ ದಂಡೇನು?

ಸವೆತದ ಮೊಣಕಾಲು ನೋವಿಗೆ ಸ್ವಲ್ಪ ಆಧಾರ ಇದೆ, ಗಟ್ಟಿ ಆಧಾರ ಇಲ್ಲ. 2009ರ ಒಂದು ಅಧ್ಯಯನದಲ್ಲಿ 52 ಜನರಿಗೆ 90 ದಿನ ಕೊಟ್ಟು ನೋಡಿದಾಗ ಇದು ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಜೋಡಿಗಿಂತ ಮೇಲೆನಿಸಿತು. 2016ರಲ್ಲಿ 191 ಜನರ ಮೇಲೆ 180 ದಿನ ನಡೆದದ್ದೂ ಇದರ ಪರವಾಗಿಯೇ ಬಂತು. ಆದರೆ ಇಂಥ ಅಧ್ಯಯನಗಳ ಹಿಂದೆ ಸರಕು ತಯಾರಿಸುವವರ ಹಣ ಇರುತ್ತದೆ, ಜನರ ಸಂಖ್ಯೆಯೂ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಪರಿಶೀಲಿಸಿ, ಹೈಡ್ರೊಲೈಸ್ಡ್ ಕೊಲ್ಯಾಜನ್ ಕೀಲುಗಳನ್ನು ಕಾಯುತ್ತದೆ ಎಂಬ ಮಾತೂ ಸಾಬೀತಾಗಿಲ್ಲ ಎಂದಿತು. ಗ್ಲುಕೋಸಮೈನ್ ಕಥೆ ಇನ್ನೂ ಕೆಳಗೆ: 2019ರಲ್ಲಿ ಅಮೆರಿಕದ ಕೀಲುವೈದ್ಯರ ಸಂಘ ಮೊಣಕಾಲಿಗೆ ಅದನ್ನು ಕೊಡಬೇಡಿ ಎಂದೇ ಹೇಳಿತು.

ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈಯಲ್ಲಿ ರೊಕ್ಕ ಇದೆ, ಮಾಂಸಾಹಾರದ ಅಡ್ಡಿ ಇಲ್ಲ ಎನ್ನುವವರು ಮೂರು ತಿಂಗಳು ತಗೊಂಡು ನೋಡಿ. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ.

ರೊಕ್ಕವಿಲ್ಲದೆ ಮಾಡಬಹುದಾದದ್ದಕ್ಕೆ ಆಧಾರ ಹೆಚ್ಚು ಗಟ್ಟಿ ಇದೆ. ಮೈಯ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಹೊರಸಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಗೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಆಸರೆ.

ಯಾದಗಿರಿ ಕಡಿ ನಮ್ಮೂರಾಗ ಹರೇದವ್ರಿಗೂ ಕೀಲು, ಸೊಂಟ ಹಿಡ್ಕೊಂಡಾವ. ಎಲ್ಲಾರೂ ಈ ಗುಳಿಗಿ ತಗೊಬಹುದಾ?

ಮೊದಲು ನೀರು ಪರೀಕ್ಷೆ ಮಾಡಿಸಿ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿ.ಗ್ರಾಂ ತನಕ ಸರಿ, ಬೇರೆ ನೀರಿಲ್ಲದಿದ್ದರೆ 1.5 ಕೊನೆಯ ಮಿತಿ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಆಮೇಲೆ ಎಲುಬು, ಕೀಲು, ಬೆನ್ನು ಬಿಗಿಯುತ್ತದೆ. ಇದಕ್ಕೆ ಯಾವ ಕೋಳಿಯ ಗುಳಿಗೆಯೂ ಮದ್ದಲ್ಲ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಶಾಲೆಯ ಮಕ್ಕಳ ಮುಂದಿನ ಹಲ್ಲು ನೋಡಿದರೂ ಅಂದಾಜು ಸಿಗುತ್ತದೆ. ಕುಡಿಯಲು, ಅಡುಗೆಗೆ ಬೇರೆ ನೀರಿನ ವ್ಯವಸ್ಥೆ ಆಗುವುದೇ ಚಿಕಿತ್ಸೆ, ಅದರ ಜೊತೆ ಹಾಲು, ರಾಗಿ, ನೆಲ್ಲಿಕಾಯಿಯಂಥ ಊಟ. ಇಡೀ ಊರಿಗೆ ನೋವಿದ್ದಾಗ ಅಂಗಡಿಯಲ್ಲಿ ಅಲ್ಲ, ಪಂಚಾಯಿತಿಯಲ್ಲಿ ದನಿ ಎತ್ತಬೇಕು.

ಬೆಳಿಗ್ಗಿ ಎದ್ದಾಗ ಬಟ್ಟು ಬಾತು ತಾಸುಗಟ್ಲೆ ಮಡಚಾಕ್ ಬರಂಗಿಲ್ಲ. ಇದೇ ಗುಳಿಗಿ ನಡೀತದಾ?

ಇದು ಸವೆತದ ನೋವಿನಂತೆ ಕಾಣುವುದಿಲ್ಲ, ರುಮಟಾಯ್ಡ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ರೋಗ) ಆಗಿರಬಹುದು. ಕೋಳಿಯ ಕೊಲ್ಯಾಜನ್ನಿನ ಪ್ರಯೋಗ ದೊಡ್ಡ ಸುದ್ದಿಯಾದದ್ದೇ ಈ ರೋಗದಲ್ಲಿ, 1993ರಲ್ಲಿ, 60 ರೋಗಿಗಳ ಮೇಲೆ ಅಮೆರಿಕದಲ್ಲಿ ಮೂರು ತಿಂಗಳು ನಡೆದ ಅಧ್ಯಯನದಿಂದ. ನಂತರದ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಈಗ ಈ ರೋಗಕ್ಕೆ ಮೆಥೊಟ್ರೆಕ್ಸೇಟ್‌ನಂಥ ಪರಿಣಾಮಕಾರಿ ಔಷಧ ಇದೆ. ತಡಮಾಡಿದಷ್ಟೂ ಬೆರಳು ಸೊಟ್ಟಗಾಗುತ್ತದೆ, ಒಮ್ಮೆ ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಈ ವಾರವೇ ಹೋಗಿ.

ಸಕ್ಕರಿ, ಬಿಪಿ, ಥೈರಾಯ್ಡ್ ಗುಳಿಗಿ ಜೋಡಿ ತಗೊಂಡ್ರ ಏನರೆ ಆಗ್ತದೇನು?

ಬರೀ ಟೈಪ್ 2 ಕೊಲ್ಯಾಜನ್ನಿನಿಂದ ದೊಡ್ಡ ತೊಂದರೆ ಕಂಡಿಲ್ಲ, ಕೆಲವರಿಗೆ ಹೊಟ್ಟೆ ಉಬ್ಬರ ಅಷ್ಟೇ. ಜೊತೆಗೆ ಬೆರೆಸಿದ್ದರಲ್ಲಿ ಎಚ್ಚರ ಬೇಕು. ಗ್ಲುಕೋಸಮೈನ್ ಇದ್ದರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ತಿನ್ನುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ತತ್ತಿ ಸಿಪ್ಪೆಯದ್ದಿರಲಿ ಬೇರೆಯದ್ದಿರಲಿ, ಕ್ಯಾಲ್ಸಿಯಂ ಗುಳಿಗೆ ಮತ್ತು ಥೈರಾಯ್ಡ್ ಗುಳಿಗೆಯ ನಡುವೆ ನಾಲ್ಕು ತಾಸು ಅಂತರ ಇರಬೇಕು. ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ. ಚೀಪುವ ಗಮ್ಮಿ, ಸಿಹಿ ಪುಡಿಗಳಲ್ಲಿ ಸಕ್ಕರೆ ಎಷ್ಟಿದೆ ನೋಡಿ. ಆಪರೇಷನ್ ನಿಗದಿಯಾಗಿದ್ದರೆ ತಿನ್ನುತ್ತಿರುವ ಪ್ರತಿಯೊಂದು ಡಬ್ಬಿಯನ್ನೂ ಡಾಕ್ಟರ ಮುಂದೆ ಇಡಿ.

ತತ್ತಿ ತಿಂದ್ರ ಮೈತುಂಬ ದದ್ದು ಏಳ್ತಾವ. ಮೊಣಕಾಲಿಗಿ ಜೆಲ್ ಇಂಜೆಕ್ಷನ್ ಹಾಕ್ತೀವಿ ಅಂದಾರ, ನಡೀತದಾ?

ಇದನ್ನು ಚುಚ್ಚುವ ಮುಂಚೆಯೇ ಡಾಕ್ಟರಿಗೆ ಹೇಳಿ. ಕೆಲವು ಜೆಲ್ ಹುಂಜದ ಜುಟ್ಟಿನಿಂದ ತೆಗೆದವು, ಕೋಳಿ-ತತ್ತಿಯ ಅಲರ್ಜಿ ಇದ್ದವರಿಗೆ ಎಚ್ಚರಿಕೆ ಎಂದು ತಯಾರಕರೇ ಬರೆದಿರುತ್ತಾರೆ. ಬ್ಯಾಕ್ಟೀರಿಯಾದಿಂದ ಮಾಡಿದ ಜೆಲ್ ಕೂಡ ಇವೆ, ಅದನ್ನು ಕೇಳಿ. ತತ್ತಿ ಪೊರೆಯ ಕ್ಯಾಪ್ಸೂಲ್, ಕೋಳಿ ಕೊಲ್ಯಾಜನ್ ಎರಡನ್ನೂ ನೀವು ದೂರವಿಡುವುದು ಮೇಲು.

ಆನ್‌ಲೈನ್‌ದಾಗ ಅರ್ಧ ಬೆಲಿಗಿ ಸಿಗ್ತದ. ಅಸಲಿನೋ ನಕಲಿನೋ ಹ್ಯಾಂಗ್ ನೋಡೂದು, ಮೋಸ ಆದ್ರ ಎಲ್ಲಿ ಹೋಗೂದು?

ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಅದನ್ನು ಇಲಾಖೆಯ ‘ಫಾಸ್ಕಾಸ್’ ಜಾಲತಾಣದಲ್ಲಿ ಹಾಕಿದರೆ ಪರವಾನಗಿ ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ತಿಳಿಯುತ್ತದೆ. ಬ್ಯಾಚ್ ಸಂಖ್ಯೆ, ತಯಾರಿಸಿದ ತಾರೀಖು, ಮೂಲ ಯಾವ ಪ್ರಾಣಿ, ಒಂದು ಗುಳಿಗೆಯಲ್ಲಿ ಎಷ್ಟು ಎಂಬುದೆಲ್ಲ ಇರಬೇಕು. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಎಲ್ಲವನ್ನೂ ಒಂದೇ ತೂಕದಲ್ಲಿ ಮುಚ್ಚಿಟ್ಟಿದ್ದರೆ ನಾನಂತೂ ಕೊಳ್ಳುವುದಿಲ್ಲ. ನಮ್ಮ ಸೀಮೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ. ಪಾರ್ಸೆಲ್ ಗಾಡಿಯಲ್ಲಿ ಏಪ್ರಿಲ್-ಮೇ ಬಿಸಿಲಿನಲ್ಲಿ ದಿನಗಟ್ಟಲೆ ಕೂತು ಬಂದ ಡಬ್ಬಿ ಹೇಗಿದ್ದೀತು ಎಂದೂ ಯೋಚಿಸಿ. ಮನೆಯಲ್ಲಿಯೂ ಕಿಟಕಿಯ ಕಟ್ಟೆ, ಒಲೆಯ ಮಗ್ಗುಲು ಬಿಟ್ಟು ತಂಪಾದ ಒಣ ಜಾಗದಲ್ಲಿಡಿ.

ಮೋಸವಾದರೆ ಬಿಲ್ಲು, ಡಬ್ಬಿ, ಉಳಿದ ಗುಳಿಗೆ ಮೂರನ್ನೂ ಬಿಸಾಡದೆ ಇಟ್ಟುಕೊಳ್ಳಿ. ಹಣದ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂದು ಗುರುತಿಲ್ಲದೆ ಕೋಳಿಯ ಸರಕು ಮಾರಿದ್ದರೆ ಅಥವಾ ಲೇಬಲ್ಲಿನಲ್ಲಿ ಸುಳ್ಳಿದ್ದರೆ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಫೋಟೋ ಸಮೇತ ದೂರು ಹಾಕಿ, ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಬರೆಯಲು ಬರದವರು ಡಬ್ಬಿ ಹಿಡಿದುಕೊಂಡು ನಮ್ಮ ಅಂಗಡಿಗೆ ಬನ್ನಿ, ಅರ್ಜಿ ನಾನು ಬರೆದುಕೊಡುತ್ತೇನೆ.